ಬುರುಡೆಗೆ ಎರಡು ವಯಸ್ಸು

ತುರ್ಕಮೆನಿಸ್ತಾನದಲ್ಲಿ ತಂಬಾಕು ಪುಡಿ ತುಂಬಿಡುವ ಸೋರೆ ಬುರುಡೆಗೆ ಎರಡು ವಯಸ್ಸು. ಗಡಿಯೊಳಗೆ ಇರುವವರೆಗೆ ಅದು ಹೋದ ವಾರ ಮಾಡಿದ್ದು. ಗಡಿ ದಾಟಿದ ಕೂಡಲೇ 19ನೇ ಶತಮಾನದ್ದು. ಮನುಷ್ಯರಿಗೆ ವಿಮಾನ ಹತ್ತಿದರೆ ಕಾಲು ಊದಿಕೊಳ್ಳುತ್ತದೆ ಅಷ್ಟೇ. ಇದಕ್ಕೆ ಒಂದೇ ಏಟಿಗೆ ನೂರೈವತ್ತು ವರ್ಷ ಕೂಡಿಕೊಳ್ಳುತ್ತದೆ.

ಇದು ಪಲ್ಯಕ್ಕೆ ಹಾಕುವ ಸೋರೆಕಾಯಿ ಅಲ್ಲ, ಅಂಗೈಯಲ್ಲಿ ಕೂರುವ ಪುಟ್ಟ ಜಾತಿ. ಒಣಗಿಸಿ, ಬೀಜ ತೆಗೆದು, ಬಾಯಿಗೆ ಬೆಳ್ಳಿ ಪಟ್ಟಿ ಕೂರಿಸಿ, ಬುರುಡೆಗೊಂದು ಬಿರಡೆ, ಬಿರಡೆಗೊಂದು ಕುಚ್ಚು. ಒಳಗೆ 'ನಸ್'. ಹೆಸರು ಕೇಳಿದರೆ ನಮ್ಮ ನಶ್ಯದ ದಾಯಾದಿ ಅನಿಸುತ್ತದೆ. ಆದರೆ ಮೂಗಿಗೂ ಅದಕ್ಕೂ ಸಂಬಂಧವಿಲ್ಲ. ತಂಬಾಕು, ಬೂದಿ, ಸುಣ್ಣ, ಒಂದಿಷ್ಟು ಎಣ್ಣೆ ಸೇರಿಸಿದ ಹಸಿರು ಪುಡಿ. ನಾಲಿಗೆ ಅಡಿಗೆ ಇಟ್ಟುಕೊಂಡು ಸುಮ್ನೆ ಕೂರುವುದು, ಆಮೇಲೆ ಉಗಿಯುವುದು. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತಿಕೊಳ್ಳುವವರನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಹರಾಜಿನವರ ಪಟ್ಟಿಯಲ್ಲಿ ಇದು ಇವತ್ತಿಗೂ 'ನಶ್ಯದ ಬಾಟಲಿ'. ಮೂಗಿನ ಡಬ್ಬಿಗೆ ಇರುವ ಗತ್ತು ಬಾಯಿಯ ಡಬ್ಬಿಗೆ ಎಲ್ಲಿಂದ ಬರಬೇಕು?

ಇನ್ನು ಗುರುತು ಹಿಡಿಯುವ ವಿದ್ಯೆ. ಸಂಗ್ರಾಹಕರು ಮೊದಲು ಬುರುಡೆಯ ಬಣ್ಣ ನೋಡುತ್ತಾರೆ. ವರ್ಷಾನುಗಟ್ಟಲೆ ಕೈಯ ಎಣ್ಣೆ ಕುಡಿದ ಬುರುಡೆ ಜೇನಿನ ಬಣ್ಣದಿಂದ ಕಂದುಗೆಂಪಿಗೆ ತಿರುಗಿರುತ್ತದೆ. ಬೆರಳು ಹಿಡಿಯುವ ಕಡೆ ಜಾಸ್ತಿ, ಬೇರೆ ಕಡೆ ಕಡಿಮೆ. ಸುತ್ತಲೂ ಒಂದೇ ಸಮ ಕಂದು ಇದ್ದರೆ ಅದು ಚಹಾದಲ್ಲೋ ಬೂಟ್ ಪಾಲಿಶ್‌ನಲ್ಲೋ ಮುಳುಗಿ ಎದ್ದದ್ದು. ಬಿರಡೆ ತೆಗೆದು ಮೂಸಿದರೆ ಹಳೆಯ ನಸ್‌ನ ವಾಸನೆ ಬರಬೇಕು. ಹೊಸ ಬುರುಡೆಗೆ ಒಂದು ಚಿಟಿಕೆ ನಸ್ ಹಾಕಿ ಅಲ್ಲಾಡಿಸಿದರೆ ಆ ವಾಸನೆ ತಾನಾಗಿಯೇ ಬರುತ್ತದೆ ಎನ್ನುವುದು ಬೇರೆ ಮಾತು. ನಮ್ಮ ಕಡೆಯ ಅಜ್ಜಿ ಕೈಗೆ ಸಿಕ್ಕರೆ ಹುಣಸೆಹಣ್ಣು ಹಾಕಿ ಬೆಳ್ಳಿ ಫಳಫಳ ಹೊಳೆಯುವ ಹಾಗೆ ತಿಕ್ಕಿಡುತ್ತಾಳೆ. ಅವತ್ತಿಗೆ ಅದರ ಬೆಲೆ ಮುಗಿಯಿತು. ಕೊಳೆಗೆ ಜನ ದುಡ್ಡು ಸುರಿಯುವುದು ಈ ವ್ಯಾಪಾರದಲ್ಲಿ ಮಾತ್ರ.

ಆಮೇಲೆ ಕುಲಗೋತ್ರ. ತುರ್ಕಮೆನ್ನರಲ್ಲಿ ತೆಕ್ಕೆ, ಯೋಮುದ್, ಎರ್ಸಾರಿ, ಸಾರಿಕ್ ಅಂತ ಬುಡಕಟ್ಟುಗಳಿವೆ. ಮಾರಾಟಕ್ಕೆ ಬರುವ ಬುರುಡೆಗಳೆಲ್ಲ ಅದು ಹೇಗೋ ತೆಕ್ಕೆಯವೇ. ಚಿನ್ನದ ನೀರು ಹಾಕಿದ ಬೆಳ್ಳಿ, ಅದರ ಮೇಲೆ ಕೆಂಪು ಕಾರ್ನೀಲಿಯನ್ ಕಲ್ಲು, ಇದು ತೆಕ್ಕೆ ಒಡವೆಯ ಲಕ್ಷಣ, ನಿಜ. ಕಲ್ಲಿನ ಜಾಗದಲ್ಲಿ ಕೆಂಪು ಗಾಜು, ಬೆಳ್ಳಿ ಜಾಗದಲ್ಲಿ ನಿಕ್ಕಲ್ ಇದ್ದರೂ ಅದು ತೆಕ್ಕೆಯೇ, 'ಬಡ ತೆಕ್ಕೆ' ಇರಬೇಕು ಪಾಪ. ಇಂಥ ಬುರುಡೆ ಖೀವಾ, ಬುಖಾರಾದ ಉಜ್ಬೇಕರ ಸೊಂಟದಲ್ಲೂ ಇತ್ತು. ಅವರು ಇದಕ್ಕೆ 'ನೋಸ್‌ಕದಿ' ಅನ್ನುತ್ತಾರೆ. ಹಾಗಂತ ಬರೆದರೆ ಯಾರು ಕೊಳ್ಳುತ್ತಾರೆ? 1881ರಲ್ಲಿ ಗ್ಯೋಕ್ ತೆಪೆ ಕೋಟೆಯಲ್ಲಿ ರಷ್ಯನ್ನರ ಎದುರು ಹೋರಾಡಿ ಬಿದ್ದ ತೆಕ್ಕೆ ಕುದುರೆ ಸವಾರನ ಸೊಂಟದ್ದು ಅಂದರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

ಈಗ ಗಡಿಗೆ ಬನ್ನಿ. ತುರ್ಕಮೆನಿಸ್ತಾನದಿಂದ ಪುರಾತನ ವಸ್ತುಗಳನ್ನು ಹಾಗೇ ಹೊರಗೆ ಒಯ್ಯುವ ಹಾಗಿಲ್ಲ. ಒಂದು ಕಾರ್ಪೆಟ್ ಕೊಂಡರೂ ರಾಜಧಾನಿ ಅಶ್ಗಾಬಾತಿನ ಕಾರ್ಪೆಟ್ ಮ್ಯೂಸಿಯಂನ ತಜ್ಞರಿಂದ 'ಇದು ಪುರಾತನದ್ದಲ್ಲ' ಅಂತ ಚೀಟಿ ಬೇಕು. ಪಕ್ಕದ ಉಜ್ಬೇಕಿಸ್ತಾನದಲ್ಲಿ ಗೆರೆ 50 ವರ್ಷ. ಕಾನೂನು ಸರಿಯಾದದ್ದೇ, ಇಲ್ಲದಿದ್ದರೆ ಮ್ಯೂಸಿಯಂನಲ್ಲಿ ಮೊಳೆ ಮಾತ್ರ ಉಳಿಯುತ್ತಿತ್ತು. ತಮಾಷೆ ಇರುವುದು ವ್ಯಾಪಾರಿಯ ನಾಲಿಗೆಯಲ್ಲಿ. ಕಸ್ಟಮ್ಸ್ ಮೇಜಿನ ಮುಂದೆ ಅವನು, 'ಅಯ್ಯೋ ಸಾಹೇಬ್ರೆ, ಮೊನ್ನೆ ಮಾಡಿದ್ದು, ಇನ್ನೂ ಅಂಟು ಒಣಗಿಲ್ಲ' ಅಂತ ಆಣೆ ಹಾಕುತ್ತಾನೆ. ಇಸ್ತಾಂಬುಲ್‌ನಲ್ಲಿ ಇಳಿದವನೇ, 'ನೂರೈವತ್ತು ವರ್ಷ, ಖಾತ್ರಿ' ಅನ್ನುತ್ತಾನೆ. ಬುರುಡೆ ಬಿಡುವುದು ಅಂದರೆ ಇದೇ ಅಲ್ವಾ?

ಹಾಗಾದರೆ ಮಾರುವವನು ಸುಳ್ಳನೋ ಕಳ್ಳನೋ ಎರಡರಲ್ಲಿ ಒಂದಾಗಬೇಕು. ಅವನು ಜಾಣ, ಮೂರನೇ ದಾರಿ ಇಟ್ಟುಕೊಂಡಿರುತ್ತಾನೆ. 1920ರ ದಶಕದಲ್ಲಿ ಸೋವಿಯತ್ ಆಡಳಿತಕ್ಕೆ ಹೆದರಿ ಎಷ್ಟೋ ತುರ್ಕಮೆನ್ ಕುಟುಂಬಗಳು ಒಡವೆ ವಸ್ತು ಕಟ್ಟಿಕೊಂಡು ಅಫ್ಘಾನಿಸ್ತಾನಕ್ಕೆ ದಾಟಿದವು. ಆಮೇಲೆ ಅಲ್ಲೂ ಯುದ್ಧ ಬಂದು ಆ ಬೆಳ್ಳಿ ಕಾಬೂಲಿನ ಚಿಕನ್ ಸ್ಟ್ರೀಟ್‌ಗೂ ಪೇಶಾವರಕ್ಕೂ ಮಾರಾಟಕ್ಕೆ ಬಂತು. ಇದು ನಡೆದ ಇತಿಹಾಸ, ನೋವಿನದ್ದು. ಮಾರುವವನ ಲೆಕ್ಕದಲ್ಲಿ ಈಗ ಎಲ್ಲ ಬುರುಡೆಯೂ ಅದೇ ನಿರಾಶ್ರಿತರ ಗಂಟಿನಲ್ಲೇ ಬಂದದ್ದು. ಆ ಗಂಟುಗಳನ್ನು ಕೂಡಿಸಿದರೆ ಮರುಭೂಮಿ ದಾಟಿದವರು ಬಟ್ಟೆಬರೆ ಬಿಟ್ಟು ಬರೀ ನಸ್ ಡಬ್ಬಿ ಹೊತ್ತಿರಬೇಕು.

ತಂಬಾಕು, ಹಲ್ಲಿನ ವಿಷಯದಲ್ಲಿ ತುರ್ಕಮೆನ್ ಸರ್ಕಾರವೂ ಹಿಂದೆ ಬಿದ್ದಿಲ್ಲ. ಮೊದಲ ಅಧ್ಯಕ್ಷ ನಿಯಾಜೋವ್ 1997ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಸಿಗರೇಟು ಬಿಟ್ಟರು, ಮಂತ್ರಿಗಳೂ ಬಿಡಬೇಕಾಯಿತು. 2004ರಲ್ಲಿ ಹಲ್ಲು ಗಟ್ಟಿಯಾಗಲು ನಾಯಿಮರಿಗಳ ಹಾಗೆ ಮೂಳೆ ಕಡಿಯಿರಿ ಅಂತ ಪ್ರಜೆಗಳಿಗೆ ಬುದ್ಧಿ ಹೇಳಿದರು. ಅವರ ನಂತರ ಬಂದ ಬೆರ್ದಿಮುಹಮೆದೋವ್ ಓದಿದ್ದೇ ದಂತವೈದ್ಯಕೀಯ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಧೂಮಪಾನ ಶೇಕಡಾ 8, ಜಗತ್ತಿನಲ್ಲೇ ಕಡಿಮೆ ಅಂತ ಬೆನ್ನು ತಟ್ಟಿತು. ಎಣಿಸಿದ್ದು ಹೊಗೆಯನ್ನು. ನಾಲಿಗೆ ಅಡಿಯ ನಸ್‌ನಿಂದ ಹೊಗೆ ಬರುವುದಿಲ್ಲ.

ಒಂದು ದಿನ ಯಾರೋ ದೇಶಪ್ರೇಮಿ ತುರ್ಕಮೆನ್ ಲಂಡನ್ನಿನಲ್ಲಿ ಕೈತುಂಬ ದುಡ್ಡು ಕೊಟ್ಟು ಇಂಥದ್ದೊಂದನ್ನು ಊರಿಗೆ ಮರಳಿ ತರುತ್ತಾನೆ ಅಂದುಕೊಳ್ಳಿ. ಒಂದು ಕೈಯಲ್ಲಿ 19ನೇ ಶತಮಾನದ ರಸೀದಿ. ಇನ್ನೊಂದು ಕೈಯಲ್ಲಿ, ಡಬ್ಬದ ತಳದಲ್ಲಿ ಸಿಕ್ಕ ಹಳೆಯ ಚೀಟಿ: 'ಹೊಸದು, ಒಯ್ಯಬಹುದು'. ಕಸ್ಟಮ್ಸ್ ಅಧಿಕಾರಿ ಎರಡನ್ನೂ ಪಕ್ಕಕ್ಕಿಟ್ಟು ಬಿರಡೆ ತೆಗೆಯುತ್ತಾನೆ. ಬುರುಡೆಯನ್ನು ಅಂಗೈ ಮೇಲೆ ಬೋರಲು ಹಾಕಿ ಎರಡು ಸಲ ತಟ್ಟುತ್ತಾನೆ.

'ನಸ್ ಇಲ್ಲ ತಾನೇ? ಹೋಗಿ.'