ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂಲ ಮೆಥಡ್‌ಗಳನ್ನು (ಭಾಷೆಯ ಜೊತೆಗೇ ಬರುವ ಸಿದ್ಧ ಆಜ್ಞೆಗಳನ್ನು) ಬದಲಿಸಬಹುದೇ?

ಪರ

ಬದಲಿಸಬಹುದು. ಬದಲಿಸದ ರೂಬಿ ಪ್ರೋಗ್ರಾಂ ಹುಡುಕುವುದೇ ಕಷ್ಟ. ಬೇರೆ ಫೈಲನ್ನು ತರಿಸಲು ನೀವು ದಿನವೂ ಬರೆಯುವ 'ರಿಕ್ವೈರ್' ರೂಬಿಯ ಮೂಲ ಮೆಥಡ್ ಅಲ್ಲ. ಜೆಮ್ ಎಂಬ ಲೈಬ್ರರಿ ಪ್ಯಾಕೇಜುಗಳನ್ನು ನಿಭಾಯಿಸುವ ರೂಬಿಜೆಮ್ಸ್ ಅದನ್ನು ಬದಲಿಸಿ, ಹಳೆಯದನ್ನು 'ಜೆಮ್_ಒರಿಜಿನಲ್_ರಿಕ್ವೈರ್' ಎಂಬ ಹೆಸರಲ್ಲಿ ಎತ್ತಿಟ್ಟಿದೆ. ಜೆಮ್ ಎಲ್ಲಿದೆಯೆಂದು ಹುಡುಕಿ ತರುವುದು ಆ ಹೊಸ ಮೆಥಡೇ. ರೂಬಿಯ ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್‌ನಲ್ಲಿ 'ಟೈಮ್.ನೌ + 5.ಮಿನಿಟ್ಸ್' ಸಲೀಸಾಗಿ ನಡೆಯಲು ಅದರ ಆಕ್ಟಿವ್‌ಸಪೋರ್ಟ್ ಲೈಬ್ರರಿ ಟೈಮ್ ಕ್ಲಾಸಿನ ಕೂಡುವ ಮೆಥಡನ್ನೇ ಬದಲಿಸಿಕೊಂಡಿದೆ.

ಕೆಡುವುದು ಬದಲಿಸುವ ರೀತಿಯಿಂದ. ಸ್ಟ್ರಿಂಗ್ (ಪಠ್ಯ) ಕ್ಲಾಸ್ ತೆರೆದು, ದೊಡ್ಡಕ್ಷರ ಮಾಡುವ ಅಪ್‌ಕೇಸ್ ಅನ್ನು ಹೊಸದಾಗಿ ಬರೆದರೆ ಹಳೆಯದು ಹೋಯಿತು. ಹಳೆಯದು ಬೇಕೆಂದು ಒಳಗೆ ಸೂಪರ್ ಕರೆದರೆ, ಮೆಥಡ್ ಇಲ್ಲ ಎನ್ನುವ ನೋಮೆಥಡ್‌ಎರರ್. ಅದಕ್ಕೇ 2013ರ ರೂಬಿ 2.0ರಿಂದ ಪ್ರಿಪೆಂಡ್ ಇದೆ: ಅದು ಮಾಡ್ಯೂಲನ್ನು (ಮೆಥಡ್‌ಗಳ ಕಟ್ಟನ್ನು) ಕ್ಲಾಸಿನ ಮುಂದೆ ನಿಲ್ಲಿಸುತ್ತದೆ, ಹಳೆಯ ಮೆಥಡ್ ಹಿಂದೆ ಉಳಿಯುತ್ತದೆ. ಬದಲಾವಣೆಯನ್ನು ಹೆಸರಿರುವ ಮಾಡ್ಯೂಲಿನಲ್ಲಿಡಿ, ಆರ್ಗ್ಯುಮೆಂಟುಗಳನ್ನು ಕೀವರ್ಡ್ ಮತ್ತು ಬ್ಲಾಕ್ ಸಮೇತ ಸೂಪರ್‌ಗೆ ದಾಟಿಸಿ. ಮೆಥಡ್ ಹುಡುಕುವ ಕ್ರಮ ತೋರಿಸುವ ಆನ್ಸೆಸ್ಟರ್ಸ್ ಪಟ್ಟಿಯಲ್ಲಿ ನಿಮ್ಮ ಮಾಡ್ಯೂಲು ಮೂಲ ಕ್ಲಾಸಿಗಿಂತ ಮುಂದೆ ಕಾಣುತ್ತದೆ. ಮುಂದೆ ಆ ಕೋಡ್ ನೋಡುವವರಿಗೆ ಏನೂ ಗುಟ್ಟಾಗಿ ಉಳಿಯುವುದಿಲ್ಲ. ರೂಬಿಯ ದೋಷವೊಂದಕ್ಕೆ ತೇಪೆ ಹಾಕುತ್ತಿದ್ದರೆ ಆವೃತ್ತಿ ನೋಡುವ ಸಾಲೊಂದನ್ನು ಮೇಲೆ ಬರೆಯಿರಿ. ರೂಬಿ ಅಪ್‌ಗ್ರೇಡ್ ಆದ ದಿನ ಪ್ರೋಗ್ರಾಂ ಅಲ್ಲೇ ನಿಂತು, ತೇಪೆ ಇನ್ನೂ ಬೇಕೇ ಎಂದು ಕೇಳಲಿ.

ವಿರೋಧ

ಮೊತ್ತವನ್ನು ನಮ್ಮ ಲೆಕ್ಕದಂತೆ 1,25,000 ಎಂದು ತೋರಿಸಬೇಕಿದೆ ಎನ್ನಿ. ಪೂರ್ಣಾಂಕದ ಕ್ಲಾಸಾದ ಇಂಟಿಜರ್‌ನಲ್ಲಿ, ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವ 'ಟು_ಎಸ್' ಬದಲಿಸಿದರೆ ಒಂದೇ ಏಟಿಗೆ ಎಲ್ಲೆಡೆ ಅಲ್ಪವಿರಾಮ ಬರುತ್ತದೆ. ಬರಬಾರದ ಕಡೆಯೂ ಬರುತ್ತದೆ. 125000ನೇ ಆರ್ಡರಿನ ಲಿಂಕ್ '/ಆರ್ಡರ್ಸ್/1,25,000' ಆಗುತ್ತದೆ. ಅದನ್ನು ಮತ್ತೆ ಸಂಖ್ಯೆ ಮಾಡುವ 'ಟು_ಐ' ಮೊದಲ ಅಲ್ಪವಿರಾಮಕ್ಕೇ ನಿಂತು 1 ಎನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಇನ್ಯಾರದೋ ಆರ್ಡರ್ ತೆರೆದುಕೊಳ್ಳುತ್ತದೆ. ಪ್ರಿಪೆಂಡ್ ಮಾಡಿ ಸೂಪರ್ ಕರೆದಿದ್ದರೂ ಇದೇ ಗತಿ.

ತಪ್ಪು ಹುಡುಕಲು, ಮೌಲ್ಯವನ್ನು ಇನ್‌ಸ್ಪೆಕ್ಟ್ ಮೂಲಕ ತೋರಿಸುವ 'ಪಿ' ಹಾಕಿದರೆ 125000 ಎಂದೇ ಕಾಣುತ್ತದೆ. ಇನ್‌ಸ್ಪೆಕ್ಟ್ ಎಂಬುದು ಟು_ಎಸ್‌ನ ಅಲಿಯಾಸ್ (ಇನ್ನೊಂದು ಹೆಸರು), ಅಲಿಯಾಸ್ ಹಳೆಯ ಮೆಥಡನ್ನೇ ಹಿಡಿದುಕೊಂಡಿರುತ್ತದೆ. ಹೊಸ ಟು_ಎಸ್ ಆರ್ಗ್ಯುಮೆಂಟ್ ತೆಗೆದುಕೊಳ್ಳದಿದ್ದರೆ ಹದಿನಾರರ ಮೂಲಕ್ಕೆ ಬದಲಿಸುವ '255.ಟು_ಎಸ್(16)' ಕೂಡ ಮುರಿಯುತ್ತದೆ. ಸ್ಟ್ರಿಂಗ್‌ನ ಟು_ಎಸ್ ಬದಲಿಸಿದರೆ ತದ್ವಿರುದ್ಧ: ಸ್ಟ್ರಿಂಗ್ ಒಳಗೆ ಸ್ಟ್ರಿಂಗ್ ಸೇರಿಸುವಾಗ ರೂಬಿ ಅದನ್ನು ಕರೆಯುವುದೇ ಇಲ್ಲ. ಇಂಟಿಜರ್‌ನ ಕೂಡುವ ಮೆಥಡ್ ಮುಟ್ಟಿದರಂತೂ ಅದಕ್ಕಿದ್ದ ವೇಗದ ದಾರಿ ಮುಚ್ಚಿ ಇಡೀ ಪ್ರೋಗ್ರಾಮಿನ ಲೆಕ್ಕ ನಿಧಾನವಾಗುತ್ತದೆ.

ರೂಬಿಯ ಜೊತೆಗೇ ಬರುತ್ತಿದ್ದ 'ಮ್ಯಾಥೆನ್' ಲೈಬ್ರರಿ ಇಂಟಿಜರ್ ಭಾಗಾಕಾರವನ್ನೇ ಬದಲಿಸುತ್ತಿತ್ತು. ಯಾವುದೋ ಒಂದು ಫೈಲ್ ಅದನ್ನು ಕರೆದರೆ ಸಾಕು, 1/2 ಎಲ್ಲೆಡೆ ಸೊನ್ನೆಯ ಬದಲು ಭಿನ್ನರಾಶಿ. ರೂಬಿ 2.5ರಲ್ಲಿ ಅದನ್ನು ಸ್ಟ್ಯಾಂಡರ್ಡ್ ಲೈಬ್ರರಿಯಿಂದ ತೆಗೆದರು.

ಅಲ್ಪವಿರಾಮ ಬೇಕಿದ್ದರೆ 'ರೂಪಾಯಿ_ರೂಪ' ಎಂಬ ಸ್ವಂತ ಮೆಥಡ್ ಬರೆದು ಮೊತ್ತವನ್ನು ಅದಕ್ಕೆ ಕೊಡಿ. ಕನ್ನಡದಲ್ಲೇ ಹೆಸರಿಟ್ಟರೂ ರೂಬಿ ಒಪ್ಪುತ್ತದೆ. ಮೂಲ ಹೆಸರೇ ಬೇಕೆಂದರೆ ರಿಫೈನ್‌ಮೆಂಟ್ ಬಳಸಿ, ಪರಿಣಾಮ ಅದನ್ನು ಬಳಸಿದ ಫೈಲಿಗಷ್ಟೇ ಸೀಮಿತ. ಆಗಲೂ ಸಂಖ್ಯೆಯನ್ನು ಪರದೆಗೆ ಬರೆಯುವ 'ಪುಟ್ಸ್'ಗೆ ನೇರ ಕೊಟ್ಟರೆ ಹಳೆಯ ಟು_ಎಸ್ ಓಡುತ್ತದೆ, ಏಕೆಂದರೆ ಆ ಕರೆ ಹೋಗುವುದು ರೂಬಿಯ ಒಳಗಿನ ಸಿ ಭಾಷೆಯ ಕೋಡಿನಿಂದ.