ಹಸಿರು ಹೆಚ್ಚಿದೆ ಎಂದು ಷರಾ ಬರೆಯಿರಿ

ಗಣಿಯಿಂದ ಬಿಟ್ಟ ನೀರು ಜೌಗನ್ನು ಹಾಳು ಮಾಡುತ್ತಿದೆ ಎಂದು ದೂರಿ ನೋಡಿ, ಉತ್ತರ ಸಿದ್ಧವಾಗಿರುತ್ತದೆ: ‘ಹಸಿರು ಹೆಚ್ಚಿದೆ’. ಜೊತೆಗೆ ಉಪಗ್ರಹದ ಚಿತ್ರ. ಸುಳ್ಳೇನಲ್ಲ, ಹೆಚ್ಚಿರುತ್ತದೆ. ಮೊದಲು ಅಲ್ಲಿ ಹಾವಸೆ, ಜೇಕು, ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳು, ನೀರು ಇಳಿದಾಗ ಮಾತ್ರ ಮೊಳೆಯುವ ಹತ್ತಾರು ಸಸ್ಯಗಳಿದ್ದವು. ಈಗ ಈ ತುದಿಯಿಂದ ಆ ತುದಿಯವರೆಗೆ ಒಂದೇ ಜೊಂಡು. ಅಷ್ಟು ಎತ್ತರದಲ್ಲಿರುವ ಉಪಗ್ರಹಕ್ಕೆ ಬಣ್ಣ ಕಾಣುತ್ತದೆ, ಯಾರು ಯಾರು ಕಾಣೆಯಾದರೆಂಬುದು ಕಾಣುವುದಿಲ್ಲ.

ಜೊಂಡಿನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಬುಡವನ್ನು ಕಿತ್ತು ನೋಡಿ, ಬೇರಿಗೆಲ್ಲ ಕಿತ್ತಳೆ ಬಣ್ಣದ ತುಕ್ಕು ಮೆತ್ತಿರುತ್ತದೆ. ತನ್ನೊಳಗಿನ ಪೊಳ್ಳುಗಳ ಮೂಲಕ ಅದು ಗಾಳಿಯನ್ನು ಬೇರಿಗಿಳಿಸುತ್ತದೆ. ಆ ಗಾಳಿ ಸೋಕಿದ ನೀರಿನ ಕಬ್ಬಿಣ ಬೇರಿನ ಸುತ್ತಲೇ ತುಕ್ಕಾಗಿ ಕೂರುತ್ತದೆ. ಪಾಪ, ಕವಚ ತೊಟ್ಟು ಬದುಕಿದೆ. ಕವಚ ತೊಟ್ಟವನನ್ನು ಕಂಡು ‘ಊರಿನಲ್ಲಿ ಶಾಂತಿ ನೆಲೆಸಿದೆ’ ಎಂದು ವರದಿ ಬರೆಯಲು ವಿಶೇಷ ತರಬೇತಿಯೇ ಬೇಕು.

ಇನ್ನು ಆಮ್ಲದ ಮಾತು. ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಎಂಬ ಖನಿಜವನ್ನು ಅಗೆದು ಹಾಕಿದಾಗ ಅದಕ್ಕೆ ಗಾಳಿ, ನೀರು ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ‘ಪಿಎಚ್ 7ರಿಂದ 4ಕ್ಕೆ ಇಳಿದಿದೆ, ಮೂರೇ ಅಂಕ’ ಎನ್ನುತ್ತಾರೆ. ಪಿಎಚ್ ಎಂಬ ಅಳತೆಯಲ್ಲಿ ಅಂಕ ಒಂದಿಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ; ಆ ಮೂರಂಕ ಎಂದರೆ ಸಾವಿರ ಪಟ್ಟು. ಹೇಳಿದವರ ಸಂಬಳದಲ್ಲಿ ಮೂರೇ ಸೊನ್ನೆ ಅಳಿಸಿದರೆ ಲೆಕ್ಕ ತಕ್ಷಣ ಅರ್ಥವಾದೀತು.

ಸುಣ್ಣ ಹಾಕಿ ಆಮ್ಲ ಅಡಗಿಸಿದರೂ ಅದರಲ್ಲಿದ್ದ ಗಂಧಕ ಸಲ್ಫೇಟ್ ರೂಪದಲ್ಲಿ ನೀರಿನಲ್ಲಿ ಬಹಳಷ್ಟು ಉಳಿಯುತ್ತದೆ. ನೀರಿನಲ್ಲಿರುವಾಗ ಅದು ಸಾಧು. ಕೆಸರಿಗಿಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೈಡ್ ಮಾಡಿ ಬೇರಿಗೆ ವಿಷ ಬಡಿಸುತ್ತವೆ. ಅಮೆರಿಕದ ಮಿನ್ನೆಸೋಟ ರಾಜ್ಯ ಕಾಡುಭತ್ತ ಬೆಳೆಯುವ ನೀರಿಗೆ ಲೀಟರಿಗೆ 10 ಮಿಲಿಗ್ರಾಂ ಸಲ್ಫೇಟ್ ಎಂದು ಮಿತಿ ಹಾಕಿದ್ದು 1973ರಲ್ಲಿ. ಕಾಗದದ ಮೇಲೆ ಆ ಮಿತಿ ಹುಲುಸಾಗಿ ಬೆಳೆಯಿತು. ಜಾರಿ ಮಾಡಬೇಕಾದ ಕೈ ಮಾತ್ರ ದಶಕಗಟ್ಟಲೆ ಮೇಲೇಳಲು ಮೈಗಳ್ಳತನ ಮಾಡಿತು.

ಆದರೆ ನನಗೆ ಬಲು ಇಷ್ಟವಾದ ಅಧ್ಯಾಯ ಕೊನೆಯದು. ಗಣಿಯನ್ನು ಒಣಗಿಸಲೆಂದು ಅಂತರ್ಜಲವನ್ನು ಪಂಪಿನಿಂದ ಎಳೆದು ಎಳೆದು ಜೌಗಿನ ಒರತೆಗಳನ್ನು ಬತ್ತಿಸುತ್ತಾರೆ, ಎಳೆದ ನೀರನ್ನು ಅದೇ ಜೌಗಿಗೆ ಬಿಡುತ್ತಾರೆ. ಅದಿರು ಮುಗಿದ ದಿನ ಪಂಪು ನಿಲ್ಲುತ್ತದೆ. ಜೊಂಡೂ ಒಣಗುತ್ತದೆ. ಆಗ ಹೊಸ ಅರ್ಜಿ ಬರುತ್ತದೆ: ‘ಗಣಿ ನೀರಿಲ್ಲದೆ ಜೌಗು ಬಾಡುತ್ತಿರುವುದರಿಂದ, ಪರಿಸರದ ಹಿತದೃಷ್ಟಿಯಿಂದ ಪಕ್ಕದ ಗುಡ್ಡವನ್ನು ಅಗೆಯಲು ಅನುಮತಿ ನೀಡಬೇಕಾಗಿ ವಿನಂತಿ.’