ತುಪ್ಪ ಹಾಕಿಸಿದ್ದು ನಾನೇ, ದೊಡ್ಡಮ್ಮ

ಹೋದ ವಾರ ದಾವಣಗೆರೆಯಲ್ಲಿ ಒಂದು ಮದುವೆ. ಎಂಟು ವರ್ಷದ ನನ್ನ ಮಗಳು ಹೋಳಿಗೆ ಮೇಲೆ ಮೂರನೇ ಸಲ ತುಪ್ಪ ಹಾಕಿಸಿಕೊಂಡಳು. ಪಕ್ಕದ ಎಲೆಯ ದೊಡ್ಡಮ್ಮ, "ಹೊಟ್ಟೆ ಸರಿ ಇಲ್ಲದ ಹುಡುಗಿಗೆ ಇಷ್ಟು ಜಿಡ್ಡು ಯಾಕವ್ವ? ಊಟಕ್ಕೆ ಕೂತರೆ ಮಾತ್ರೆ ಬೇರೆ!" ಅಂದರು. ಅಲ್ಲಿ ಸುಮ್ನೆ ನಕ್ಕೆ. ಇಲ್ಲಿ ಬರೀತಿದ್ದೇನೆ.

ಅವಳಿಗೆ ಸಿಸ್ಟಿಕ್ ಫೈಬ್ರೋಸಿಸ್. ನನ್ನಿಂದೊಂದು, ಅವರಪ್ಪನಿಂದೊಂದು ಕೆಟ್ಟ ಜೀನ್ ಬಂದು ಸೇರಿದ್ದು. ಈ ಕಾಯಿಲೆಯಲ್ಲಿ ಶ್ವಾಸಕೋಶದ ಕಫ ಗಟ್ಟಿಯಾಗುತ್ತದೆ, ಹಾಗೇ ಮೇದೋಜೀರಕದ ರಸವೂ ಅಂಟಂಟಾಗಿ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಜಿಡ್ಡು ಜೀರ್ಣ ಮಾಡುವ ಎಂಜೈಮು ಕರುಳಿಗೆ ಬರೋದೇ ಇಲ್ಲ. ಕೂಸಾಗಿದ್ದಾಗ ಅವಳ ಕಕ್ಕದ ಬಟ್ಟೆ ಎಷ್ಟು ತೊಳೆದರೂ ಎಣ್ಣೆ ಪಸೆ ಹೋಗುತ್ತಿರಲಿಲ್ಲ, ವಾಸನೆ ಬೀದಿ ಬಾಗಿಲಿಗೇ ಬರುತ್ತಿತ್ತು. ಮೊದಲು ನೋಡಿದ ಡಾಕ್ಟರು ಜಿಡ್ಡು ಬಿಡಿಸಿ ಅಂದರು. ಬಿಡಿಸಿದೆವು. ಬರೀ ಗಂಜಿ. ಮೊದಲ ಹುಟ್ಟುಹಬ್ಬಕ್ಕೆ ಆರು ಕಿಲೋನೂ ಇರಲಿಲ್ಲ.

ಅವರೊಬ್ಬರನ್ನೇ ಬೈದು ಏನು ಬಂತು? ಅಮೆರಿಕದ ಡಾಕ್ಟರುಗಳೂ ಒಂದು ಕಾಲಕ್ಕೆ ಇದನ್ನೇ ಹೇಳುತ್ತಿದ್ದರು. 1970ರ ದಶಕದಲ್ಲಿ ಕೆನಡಾದ ಟೊರೊಂಟೊದವರು ಉಲ್ಟಾ ಹೊರಟರು. ಬೆಣ್ಣೆ, ಕೆನೆ, ಮೊಟ್ಟೆ ಎಲ್ಲಾ ತಿನ್ನಲಿ, ಅದಕ್ಕೆ ತಕ್ಕಷ್ಟು ಎಂಜೈಮ್ ಹೊರಗಿಂದ ಕೊಡೋಣ ಅಂದರು. ಬಾಸ್ಟನ್ನಿನವರು ಜಿಡ್ಡು ಕಡಿಮೆ ಊಟವನ್ನೇ ಹಿಡಿದುಕೊಂಡಿದ್ದರು. 1988ರಲ್ಲಿ ಎರಡೂ ಕಡೆಯ ಲೆಕ್ಕ ಅಚ್ಚಾಯಿತು. ಅರ್ಧಕ್ಕರ್ಧ ರೋಗಿಗಳು ದಾಟುತ್ತಿದ್ದ ವಯಸ್ಸು ಬಾಸ್ಟನ್ನಿನಲ್ಲಿ 21, ಟೊರೊಂಟೊದಲ್ಲಿ 30. ಶ್ವಾಸಕೋಶದ ಪರೀಕ್ಷೆಯಲ್ಲಿ ಎರಡು ಊರಿಗೂ ಅಂಥಾ ವ್ಯತ್ಯಾಸವೇ ಇರಲಿಲ್ಲ. ಎದ್ದು ಕಂಡ ವ್ಯತ್ಯಾಸ ತಟ್ಟೆಯಲ್ಲಿತ್ತು.

ಆ ಮಾತ್ರೆ ಅದೇ ಎಂಜೈಮು. ಮೊದಲ ತುತ್ತಿಗೇ ನುಂಗಬೇಕು, ಊಟ ಮುಗಿದ ಮೇಲೆ ಕೊಟ್ಟರೆ ದಂಡ. ಚಿಕ್ಕವಳಿದ್ದಾಗ ಕ್ಯಾಪ್ಸೂಲ್ ಬಿಚ್ಚಿ, ಬೇಯಿಸಿ ಕಿವುಚಿದ ಸೇಬಿನಲ್ಲಿ ಆ ಸಣ್ಣ ಕಾಳುಗಳನ್ನು ಕಲಸುತ್ತಿದ್ದೆ. ಅರೆಯಬಾರದು, ಹಾಲಿಗೂ ಹಾಕಬಾರದು. ಆಮೇಲೆ ಒಸಡಿನ ಮೇಲೆ ಬೆರಳಾಡಿಸಿ ನೋಡಬೇಕು, ಒಂದು ಕಾಳು ಉಳಿದರೂ ಬಾಯಿ ಹುಣ್ಣು. ಇದನ್ನು ಹಂದಿಯ ಮೇದೋಜೀರಕದಿಂದ ತೆಗೆಯುತ್ತಾರೆ. ದಿನಾ ಲಿಂಗಪೂಜೆ ಮಾಡುವ ನಮ್ಮತ್ತೆಗೆ ಇದನ್ನ ಹೇಗಪ್ಪಾ ಹೇಳೋದು ಅಂತ ಎರಡು ದಿನ ಒದ್ದಾಡಿದ್ದೆ. "ಕೂಸು ಮೈ ತುಂಬಿಕೊಳ್ತದಾ? ಹಂಗಾದ್ರೆ ಕೊಡು" ಅಂದರು. ಅಷ್ಟೇ.

ಇನ್ನು ಉಪ್ಪು. ಬೆವರಲ್ಲಿ ಜಾಸ್ತಿ ಹೋಗಿಬಿಡುತ್ತದೆ, ಹಣೆಗೆ ಮುತ್ತು ಕೊಟ್ಟರೆ ತುಟಿ ಉಪ್ಪುಪ್ಪು. ಏಪ್ರಿಲ್ ಬಿಸಿಲಿಗೆ ಯೂನಿಫಾರ್ಮಿನ ಕಾಲರ್ ಮೇಲೆ ಬಿಳಿ ಗೆರೆ ಕೂರುತ್ತದೆ. ಅದಕ್ಕೇ ಶಾಲೆಗೆ ಉಪ್ಪು ಹಾಕಿದ ಮಜ್ಜಿಗೆ ಕಳಿಸೋದು. ಬಿಪಿ ಬರುತ್ತೆ ಅಂತ ದಯವಿಟ್ಟು ಹೆದರಿಸಬೇಡಿ. ಎ, ಡಿ, ಇ, ಕೆ ವಿಟಮಿನ್ನುಗಳೂ ಜಿಡ್ಡಿನ ಜೊತೆಗೇ ಮೈಗೆ ಹತ್ತಬೇಕಾದವು, ಅವನ್ನೂ ಬೇರೆಯಾಗಿ ಕೊಡುತ್ತೇವೆ.

2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಟ್ರೈಕಾಫ್ಟಾ ಅನ್ನೋ ಈ ಕಾಯಿಲೆಯ ಮಾತ್ರೆ ತಗೊಳ್ಳೋ ಎಷ್ಟೋ ಜನಕ್ಕೆ ಈಗ ತೂಕ ಜಾಸ್ತಿಯಾಗುವ ಚಿಂತೆಯಂತೆ. ಅಲ್ಲಿನ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಮೇಲೆ. ನಮಗೆ ತುಪ್ಪ, ಕ್ಯಾಪ್ಸೂಲೇ ಗತಿ.

ಅವತ್ತು ಕೈ ತೊಳೆದು ಬರುವಾಗ ಐಸ್‌ಕ್ರೀಮ್ ಕೊಡುತ್ತಿದ್ದರು. ದೊಡ್ಡಮ್ಮನ ಎದುರಿಗೇ ನಿಂತು ಮಾತ್ರೆ ಡಬ್ಬಿ ತೆಗೆದು ಕೇಳಿದಳು, "ಅಮ್ಮಾ, ಇದಕ್ಕೆ ಒಂದಾ, ಎರಡಾ?"